ನಾಲ್ಕು ಮೂಲೆಯ ಗೊಂಡೆ



ಪದ್ಮನಾಭನಗರದ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದಲ್ಲ ಒಂದು ಮನೆಯ ಗೇಟಿಗೆ ಚಿಕ್ಕ ಬೋರ್ಡು ಕಟ್ಟಿರುತ್ತದೆ: ಸೀರೆಗೆ ಕುಚ್ಚು ಹಾಕಿಕೊಡಲಾಗುವುದು, ಫಾಲ್ಸ್, ಜಿಗ್‌ಜಾಗ್ ಮಾಡಿಕೊಡಲಾಗುವುದು. ಮದುವೆ ತಿಂಗಳುಗಳಲ್ಲಿ ಈ ಮನೆಗಳ ಮುಂಗೋಣೆಯ ತುಂಬ ಸೀರೆಗಳ ರಾಶಿ. ಸೆರಗಿನ ತುದಿಯ ಬಿಡಿ ಎಳೆಗಳನ್ನು ಹಿಡಿಹಿಡಿಯಾಗಿ ಬೇರ್ಪಡಿಸಿ, ಹೊಸೆದು, ಗಂಟು ಹಾಕಿ, ಕೇಳಿದವರಿಗೆ ಮಣಿ ಪೋಣಿಸಿ, ಕ್ರೋಶಾ ಹೆಣೆದು ಕೊಡುವ ಹೆಣ್ಣುಮಕ್ಕಳು ದಕ್ಷಿಣ ಬೆಂಗಳೂರಿನ ಬೀದಿ ಬೀದಿಯಲ್ಲೂ ಇದ್ದಾರೆ. ಇವತ್ತು ನಾನು ಮಾತಾಡಲು ಹೊರಟಿರುವುದೂ ಬಟ್ಟೆಯ ತುದಿಯಲ್ಲಿ ಕಟ್ಟುವ ದಾರದ ಬಗ್ಗೆಯೇ. ಆದರೆ ಸೀರೆಯದಲ್ಲ, ಯೆಹೂದ್ಯರು ಬೆಳಗಿನ ಪ್ರಾರ್ಥನೆಗೆ ಹೊದೆಯುವ ತಲ್ಲೀತ್ ಎಂಬ ಶಾಲಿನದು. ಅಂಥದೊಂದು ಶಾಲನ್ನು ನಮ್ಮ ಮಗ್ಗದಲ್ಲಿ ನೇಯಿಸಿ, ನಮ್ಮ ಕಸೂತಿಯಿಂದ ಸಿಂಗರಿಸಿ, ಹೊದೆಯುವವರ ಅಳತೆಗೆ, ಅವರ ಮನಸ್ಸಿಗೆ ಒಪ್ಪುವಂತೆ ಮಾಡಿಸುವುದಾದರೆ ಏನೇನು ತಿಳಿದಿರಬೇಕು? ಕೈಮಗ್ಗದ ಬಟ್ಟೆಯ ನಡುವೆಯೇ ದಿನ ಕಳೆಯುವ ನನಗೆ ಈ ಪ್ರಶ್ನೆ ಬಹಳ ಹಿಡಿಸಿತು. ತಿಳಿದವರನ್ನು ಕೇಳಿ, ಓದಿ, ನಮ್ಮ ನೇಕಾರರ ಜೊತೆ ಕೂತು ಯೋಚಿಸಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಬೆಂಗಳೂರಿಗೂ ಯೆಹೂದ್ಯರಿಗೂ ಎಲ್ಲಿಯ ನಂಟು ಎಂದು ಕೇಳುವವರು ಮೈಸೂರು ರಸ್ತೆಗೆ ಹೋಗಬೇಕು. ಅಲ್ಲಿ ಯೆಹೂದ್ಯರ ರುದ್ರಭೂಮಿಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಆ ಸಮುದಾಯಕ್ಕೆ ಸಿಕ್ಕ ಜಾಗ ಅದು. ಕೊಂಕಣ ಕರಾವಳಿಯಿಂದ ಬಂದ ಬೆನೆ ಇಸ್ರೇಲರು, ಬಾಗ್ದಾದ್ ಕಡೆಯಿಂದ ವ್ಯಾಪಾರಕ್ಕೆ ಬಂದವರು, ಹಿಟ್ಲರನ ಕಾಲದಲ್ಲಿ ಯುರೋಪಿನಲ್ಲಿ ನೆಲೆ ತಪ್ಪಿ ಬಂದವರು, ಹೀಗೆ ಸಣ್ಣ ಸಂಖ್ಯೆಯಲ್ಲಾದರೂ ಬೇರೆ ಬೇರೆ ದಾರಿಯಿಂದ ಬಂದು ಇಲ್ಲಿ ಬದುಕಿದವರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಯ ದೊಡ್ಡ ಅಂಗಡಿ ನಡೆಸಿದ ರೂಬಿನ್ ಮೋಸೆಸ್ ಹೆಸರು ಹಳೆಯ ಬೆಂಗಳೂರಿಗರಿಗೆ ಗೊತ್ತು. ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು; ನಮ್ಮ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ವಿನ್ಯಾಸ. ಸಂಜೆ ಅಲ್ಲಿ ಕಲ್ಲುಬೆಂಚಿನ ಮೇಲೆ ಕೂರುವ ಎಷ್ಟು ಜನಕ್ಕೆ ಅದು ಗೊತ್ತಿದೆಯೋ!

ಈ ಊರಿನ ಯೆಹೂದ್ಯರ ಪ್ರಾರ್ಥನೆ ಹೆಚ್ಚಾಗಿ ನಡೆದದ್ದು ಮನೆಗಳಲ್ಲಿ. ಅಂಥ ಊರಿನಲ್ಲಿ ಶಾಲಿನ ಬೆಲೆ ಇನ್ನೂ ಹೆಚ್ಚು ಎಂದು ನನಗನ್ನಿಸುತ್ತದೆ. ಸಂಪ್ರದಾಯದ ಪ್ರಕಾರ ತೋರಾ ಎಂಬ ಧರ್ಮಗ್ರಂಥದ ಸುರುಳಿ ಬಿಚ್ಚಿ ಓದಬೇಕಾದರೆ ಹತ್ತು ಮಂದಿ ವಯಸ್ಕರು ಸೇರಬೇಕು. ಶಾಲು ಹೊದ್ದು ಪ್ರಾರ್ಥಿಸಲು ಒಬ್ಬರೇ ಸಾಕು.

ಇನ್ನು ಶಾಲಿಗೆ ಬರೋಣ. ಅದರ ಮೂಲ ಇರುವುದು ಬೈಬಲಿನ ಹಳೆ ಒಡಂಬಡಿಕೆಯಲ್ಲಿ. ಇಸ್ರೇಲರು ತಮ್ಮ ಬಟ್ಟೆಯ ಮೂಲೆಗಳಿಗೆ ಗೊಂಡೆ ಕಟ್ಟಿಕೊಳ್ಳಬೇಕು, ಅದರಲ್ಲೊಂದು ನೀಲಿ ದಾರ ಸೇರಿರಬೇಕು, ಅದು ಕಣ್ಣಿಗೆ ಬಿದ್ದಾಗ ದೇವರ ಆಜ್ಞೆಗಳು ನೆನಪಾಗಬೇಕು ಎಂದು ಅರಣ್ಯಕಾಂಡದ 15ನೆಯ ಅಧ್ಯಾಯ ಹೇಳುತ್ತದೆ. ಹೊದೆಯುವ ಬಟ್ಟೆಯ ನಾಲ್ಕು ಮೂಲೆಗೂ ಎಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಖಚಿತಪಡಿಸುತ್ತದೆ. ಶಾಲಿನ ಮೈ ಯಾವ ಬಣ್ಣದ್ದಿರಬೇಕು, ಪಟ್ಟೆ ಎಷ್ಟು, ಅಗಲವೆಷ್ಟು, ಇದ್ಯಾವುದನ್ನೂ ಅಲ್ಲಿ ಹೇಳಿಲ್ಲ. ಚಿತ್ರಗಳಲ್ಲಿ ನಾವು ಕಾಣುವ ಬಿಳಿ ಉಣ್ಣೆಯ ಮೇಲಿನ ಕಪ್ಪು ಪಟ್ಟೆ ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜಿ ಯೆಹೂದ್ಯರ ರೂಢಿ. ಸ್ಪೇನ್ ಮೂಲದ ಸೆಫರ್ದಿಗಳಲ್ಲಿ ಬಿಳಿಯ ಮೇಲೆ ಬಿಳಿ ಪಟ್ಟೆಯೂ ಉಂಟು. ಕತ್ತಿನ ಬಳಿ ಹೊಲಿಯುವ ಅತಾರಾ ಎಂಬ ಪಟ್ಟಿಯೂ ರೂಢಿಯೇ. ಇಲ್ಲದಿದ್ದರೆ ಶಾಲಿಗೆ ಯಾವ ಕುಂದೂ ಇಲ್ಲ. ಆಜ್ಞೆ ಇರುವುದು ಮೂಲೆಗೆ. ಆದ್ದರಿಂದ ಈ ಶಾಲಿನ ವಿನ್ಯಾಸ ಮಾಡುವವರು ಪೆನ್ಸಿಲನ್ನು ಮೊದಲು ಮೂಲೆಯ ಮೇಲೆ ಇಡಬೇಕು. ಹೊಳೆಯುವ ನಡುಭಾಗವನ್ನೆಲ್ಲ ಬರೆದು ಮುಗಿಸಿ, ಕೊನೆಗೆ ಮೂಲೆಗೆ ಬಂದರೆ ಕೆಲಸ ಕೆಡುತ್ತದೆ. ಇವತ್ತಿನ ಮಾತಿನಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ.

ಮೂಲೆಯೆಂದರೆ ಮೂಲೆಯೇ ಆಗಿರಬೇಕು. ಈಗಿನ ದುಪಟ್ಟಾಗಳಲ್ಲಿ ಅಂದಕ್ಕೆಂದು ಮೂಲೆಯನ್ನು ದುಂಡಗೆ ಕತ್ತರಿಸುವುದುಂಟು. ಇಲ್ಲಿ ಹಾಗೆ ಮಾಡಿದರೆ ಅದು ನಾಲ್ಕು ಮೂಲೆಯ ಬಟ್ಟೆಯೇ ಅಲ್ಲ ಎಂದಾಗುತ್ತದೆ. ಗೊಂಡೆಯ ದಾರ ತೂರಿಸುವ ತೂತನ್ನು ಎಲ್ಲಿ ಮಾಡಬೇಕು ಎಂಬುದಕ್ಕೂ ಅಳತೆಯಿದೆ. ಎರಡೂ ಅಂಚುಗಳಿಂದ ಕನಿಷ್ಠ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು ಒಳಗಿರಬೇಕು, ಮೂರು ಬೆರಳಗಲವನ್ನು ಮೀರಬಾರದು. ತೀರ ಅಂಚಿನಲ್ಲಿದ್ದರೂ ತಪ್ಪು, ತೀರ ಒಳಗಿದ್ದರೂ ತಪ್ಪು. ತೂತಿನ ಸುತ್ತ ಬಟ್ಟೆ ಪಿಸಿಯದಿರಲಿ ಎಂದು ಚಿಕ್ಕ ಚೌಕದ ತೇಪೆ ಕೊಟ್ಟು ಹೊಲಿಯುತ್ತಾರೆ, ಅಂಗಿಯ ಕಾಜಾದಂತೆ ಸುತ್ತ ದಾರ ತುಂಬುತ್ತಾರೆ.

ಗೊಂಡೆ ಕಟ್ಟುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದೊಂದು ಮೂಲೆಗೂ ನಾಲ್ಕು ದಾರ. ಮೂರು ಒಂದೇ ಉದ್ದ, ನಾಲ್ಕನೆಯದು ಹೆಚ್ಚು ಉದ್ದ. ನಾಲ್ಕನ್ನೂ ತೂತಿನಲ್ಲಿ ತೂರಿಸಿ ಮಡಿಸಿದಾಗ ಎಂಟು ಎಳೆ ಇಳಿಬೀಳುತ್ತದೆ. ಮೊದಲು ಜೋಡಿಗಂಟು. ಆಮೇಲೆ ಉದ್ದನೆಯ ದಾರವನ್ನು ಉಳಿದ ಏಳರ ಸುತ್ತ ಸುತ್ತಬೇಕು. ಅಶ್ಕೆನಾಜಿ ಪದ್ಧತಿಯಲ್ಲಿ 7 ಸುತ್ತು, ಗಂಟು. 8 ಸುತ್ತು, ಗಂಟು. 11 ಸುತ್ತು, ಗಂಟು. 13 ಸುತ್ತು, ಗಂಟು. ಒಟ್ಟು ಐದು ಜೋಡಿಗಂಟು, 39 ಸುತ್ತು. ಹೀಬ್ರೂ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿದೆ. ದೇವರ ನಾಮದ ನಾಲ್ಕು ಅಕ್ಷರ ಕೂಡಿದರೆ 26, ಒಬ್ಬನೇ ಎಂಬ ಅರ್ಥದ ಪದಕ್ಕೆ 13. ಎರಡೂ ಸೇರಿ 39. ದೇವರೊಬ್ಬನೇ ಎಂಬ ಮಾತನ್ನು ಬಾಯಿ ಬಿಡದೆ ದಾರದಲ್ಲಿ ಸುತ್ತಿಟ್ಟಿದ್ದಾರೆ. ಮೇಳಕರ್ತ ರಾಗಗಳ ಹೆಸರಿನಲ್ಲೇ, ಅಕ್ಷರವನ್ನು ಅಂಕಿಯಾಗಿಸುವ ಕಟಪಯಾದಿ ಲೆಕ್ಕ ಅಡಗಿಸಿಟ್ಟ ನಾಡಿನವರಿಗೆ ಇದರ ಸೊಗಸು ತಟ್ಟನೆ ಹೊಳೆಯುತ್ತದೆ. ಸೆಫರ್ದಿಗಳಲ್ಲಿ ಹಲವರು 10, 5, 6, 5 ಎಂದು ಸುತ್ತುತ್ತಾರೆ. ಅದು ಆ ನಾಮದ ನಾಲ್ಕು ಅಕ್ಷರಗಳ ಬಿಡಿ ಬೆಲೆ. ಆದ್ದರಿಂದ ಶಾಲು ಯಾರಿಗೋ ಅವರ ಮನೆತನದ ಪದ್ಧತಿ ಯಾವುದು ಎಂದು ಮೊದಲೇ ಕೇಳಿಕೊಳ್ಳಬೇಕು. ಪುಸ್ತಕದಲ್ಲಿ ಕಂಡದ್ದನ್ನು ಅವರ ಮೇಲೆ ಹೇರಬಾರದು.

ಆ ದಾರವನ್ನು ಚಿಕ್ಕಪೇಟೆಯಲ್ಲಿ ಕೊಂಡು ತರುವ ಹಾಗಿಲ್ಲ. ನೂಲುವಾಗಲೇ ಇದು ಗೊಂಡೆಗೆ ಎಂಬ ಸಂಕಲ್ಪದಿಂದ ನೂತಿರಬೇಕು. ಕಟ್ಟುವವರೂ ಯೆಹೂದ್ಯರೇ ಆಗಿರಬೇಕು. ನಮ್ಮ ಪಾಲಿಗೆ ಬರುವುದು ಬಟ್ಟೆ, ಹೊಲಿಗೆ, ಕಸೂತಿ. ಇದನ್ನು ಕೇಳಿ ನನ್ನ ಪರಿಚಯದ ಒಬ್ಬ ಹಿರಿಯ ನೇಕಾರರು ತಲೆಯಾಡಿಸಿ, “ಸರಿಯಾಗೇ ಇದೆಯಲ್ಲಮ್ಮ, ದೇವರ ಕೆಲಸಕ್ಕೆ ಮಡಿ ಅಂತ ಒಂದು ಇದ್ದೇ ಇರುತ್ತೆ” ಎಂದರು. ಅವರು ದೇವಾಂಗದವರು. ದೇವತೆಗಳಿಗೆ ಉಡಲು ಬಟ್ಟೆ ನೇಯಲೆಂದೇ ದೇವಲ ಮಹರ್ಷಿ ಹುಟ್ಟಿದ ಎಂದು ನಂಬುವ ಕುಲ. ನಮ್ಮ ಬಡಾವಣೆಯ ಪಕ್ಕದಲ್ಲೇ ಗುಡಿಯಿರುವ ಬನಶಂಕರಿ ಅವರ ಕುಲದೇವತೆ. ಪ್ರಾರ್ಥನೆಯ ಬಟ್ಟೆಗೆ ಕಟ್ಟಳೆಯಿರುತ್ತದೆ ಎಂದು ಅವರಿಗೆ ವಿವರಿಸಿ ಹೇಳಬೇಕಾಗಲಿಲ್ಲ.

ಬಟ್ಟೆಯ ವಿಷಯದಲ್ಲಿ ನಮಗೆ ಅನುಕೂಲವೇ ಹೆಚ್ಚು. ದೊಡ್ಡವರ ತಲ್ಲೀತ್ ಸುಮಾರು ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ನಮ್ಮ ಸೀರೆ ಮಗ್ಗದ ಪನ್ನವೂ ಹೆಚ್ಚುಕಡಿಮೆ ಅಷ್ಟೇ, 46ರಿಂದ 48 ಇಂಚು. ನಡುವೆ ಜೋಡಣೆಯಿಲ್ಲದೆ ಒಂದೇ ಪನ್ನದಲ್ಲಿ ಶಾಲು ಇಳಿಯುತ್ತದೆ. ಪಟ್ಟೆಗಳು ಬರುವುದು ಎರಡು ಗಿಡ್ಡ ಅಂಚುಗಳ ಹತ್ತಿರ, ಆ ಅಂಚಿಗೆ ಸಮನಾಗಿ. ಅಂದರೆ ಹೊಕ್ಕಿನಲ್ಲಿ, ಅಡ್ಡ ಎಳೆಯಲ್ಲಿ. ಸೆರಗಿನ ಪಟ್ಟೆ ಹಾಕುವ ಹಾಗೆಯೇ ಲಾಳಿ ಬದಲಿಸಿದರಾಯಿತು; ಹಾಸಿನ ಉದ್ದ ಎಳೆಗಳಿಗೆ ಕೈ ಹಚ್ಚಬೇಕಿಲ್ಲ. ಪಟ್ಟೆ ಎಷ್ಟು ದಪ್ಪ, ಎಷ್ಟು ತೆಳು, ನಡುವೆ ಎಷ್ಟು ಬಿಡುವು ಎಂಬುದರಲ್ಲಿ ಪೂರ್ತಿ ಸ್ವಾತಂತ್ರ್ಯವಿದೆ. ಹೊದೆಯುವವರ ಸ್ವಭಾವ ಕಾಣಬೇಕಾದದ್ದು ಇಲ್ಲಿ. ಒಬ್ಬರಿಗೆ ಒಂದೇ ಅಗಲ ಪಟ್ಟೆ ಸಾಕು, ಇನ್ನೊಬ್ಬರಿಗೆ ಅಜ್ಜಿಯ ಸೀರೆಯ ಬಣ್ಣಗಳೆಲ್ಲ ಸಾಲಾಗಿ ಬೇಕು. ಎರಡೂ ಸರಿ.

ತೊಡಕಿರುವುದು ಒಂದೇ ಶಾಲಿಗೆಂದು ಹಾಸು ಹೂಡುವುದರಲ್ಲಿ. ಹಾಸು ಮಾಡಿ, ಗಂಜಿ ಹಾಕಿ, ಹಣಿಗೆಯಲ್ಲಿ ಒಂದೊಂದೇ ಎಳೆ ತೂರಿಸುವ ಶ್ರಮ ಒಂದಕ್ಕೂ ಅಷ್ಟೇ, ಹತ್ತಕ್ಕೂ ಅಷ್ಟೇ. ಕಬ್ಬನ್‌ಪೇಟೆಯಲ್ಲಾಗಲಿ ಆನೇಕಲ್ಲಿನಲ್ಲಾಗಲಿ ನೇಕಾರರು ಕೂಡಲೇ ಒಪ್ಪದಿದ್ದರೆ ಅದು ಮನಸ್ಸಿಲ್ಲದೆ ಅಲ್ಲ, ಗಿಟ್ಟದೆ. ಎರಡು ದಾರಿಯಿದೆ. ನಾಲ್ಕಾರು ಮಂದಿ ಸೇರಿ ಒಂದೇ ಬಿಳಿ ಹಾಸಿನ ಮೇಲೆ ತಮ್ಮ ತಮ್ಮ ಪಟ್ಟೆಯ ಶಾಲು ನೇಯಿಸಿಕೊಳ್ಳಬಹುದು. ಹಾಸು ಒಂದೇ ಆದರೂ ಹೊಕ್ಕಿನಲ್ಲಿ ಒಂದೊಂದೂ ಬೇರೆಯಾಗುತ್ತದೆ. ಇಲ್ಲವೇ ಬಿಳಿ ಮೈಯ ಸೀರೆಯ ಹಾಸು ಮುಗಿಯುವ ಹೊತ್ತು ಕಾದು, ಕೊನೆಯಲ್ಲಿ ಉಳಿದ ಎರಡು ಗಜದಲ್ಲಿ ಶಾಲು ಮಾಡಿಸಬಹುದು. ನನಗೆ ಮೊದಲನೆಯದು ಇಷ್ಟ. ನೇಕಾರರಿಗೆ ಪೂರ್ತಿ ಕೂಲಿ ಸಿಗುತ್ತದೆ, ಅವಸರವೂ ಇರುವುದಿಲ್ಲ.

ನೂಲು ಯಾವುದು? ಉಣ್ಣೆಗೆ ಮೊದಲಿನಿಂದಲೂ ಮರ್ಯಾದೆ ಹೆಚ್ಚು. ಚಳ್ಳಕೆರೆಯ ಕಂಬಳಿಯ ಮೇಲೆ ನನಗೆ ಅಪಾರ ಪ್ರೀತಿ. ಹುಣಸೆಬೀಜದ ಗಂಜಿ ಹಾಕಿ ನೇಯುವ ಆ ಕರಿ ಕಂಬಳಿ ಮಳೆಗೂ ಜಗ್ಗುವುದಿಲ್ಲ. ಆದರೆ ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ, ತಲೆಯ ಮೇಲೆಳೆದು ಕಣ್ಮುಚ್ಚಿ ಪ್ರಾರ್ಥಿಸುವ ಬಟ್ಟೆಗೆ ಅದು ಹೊಂದದು. ರೇಷ್ಮೆ ಸುಂದರ, ಆದರೆ ಹೆಗಲಿನಿಂದ ಜಾರುತ್ತಲೇ ಇರುತ್ತದೆ. ಬೆಂಗಳೂರಿನ ಹವೆಗೆ ಹತ್ತಿಯ ಮೈ, ರೇಷ್ಮೆಯ ಪಟ್ಟೆ ಅತ್ಯಂತ ಹಿತ. ಇಳಕಲ್ಲಿನವರು ಹತ್ತಿ ಮೈಗೆ ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಸೇರಿಸುತ್ತ ಬಂದಿದ್ದಾರೆ. ಎರಡು ನೂಲು ಒಂದೇ ಬಟ್ಟೆಯಲ್ಲಿ ಹೇಗೆ ಬಾಳುತ್ತವೆ ಎಂದು ಅವರಿಗಿಂತ ಬಲ್ಲವರಿಲ್ಲ.

ಬೆರಕೆಯ ವಿಷಯ ಬಂತು, ಒಂದು ನಿಷೇಧವನ್ನು ಇಲ್ಲೇ ಹೇಳಬೇಕು. ಉಣ್ಣೆಯನ್ನೂ ಅಗಸೆ ನಾರಿನ ಲಿನನ್ನನ್ನೂ ಒಂದೇ ಉಡುಪಿನಲ್ಲಿ ಸೇರಿಸುವಂತಿಲ್ಲ ಎಂಬುದು ಧರ್ಮೋಪದೇಶಕಾಂಡದ ಅದೇ 22ನೆಯ ಅಧ್ಯಾಯದ ಮಾತು. ಹತ್ತಿ ರೇಷ್ಮೆ ಸೇರಬಹುದು, ಹತ್ತಿ ಉಣ್ಣೆ ಸೇರಬಹುದು. ಉಣ್ಣೆ ಲಿನನ್ ಕೂಡದು. ಗೊಂಡೆಯ ದಾರ ಸಾಮಾನ್ಯವಾಗಿ ಉಣ್ಣೆಯದು. ಹೀಗಾಗಿ ಶಾಲಿನ ಮೈಗೆ ಲಿನನ್ ಸೇರದಂತೆ ನೋಡಿಕೊಳ್ಳಬೇಕು. ಜಯನಗರದ ಅಂಗಡಿಗಳಲ್ಲಿ ಈಗ ಲಿನನ್ ಸೀರೆಯ ಕಾಲ. ಹತ್ತಿ ಎಂದು ಕೊಟ್ಟ ನೂಲಿನಲ್ಲೂ ಅದು ಬೆರೆತಿರಬಹುದು. ನೂಲು ಕೊಳ್ಳುವಾಗಲೇ ಕೇಳಬೇಕು. ಹೊಲಿಯುವ ದಾರವನ್ನೂ, ಕತ್ತಿನ ಪಟ್ಟಿಯ ಒಳಗೆ ಬಿರುಸಿಗೆಂದು ಇಡುವ ಬಟ್ಟೆಯನ್ನೂ ಕೇಳಬೇಕು. ಟೈಲರಿಗೆ ಇದು ಸಣ್ಣ ವಿಷಯ. ಹೊದೆಯುವವರಿಗೆ ಇದೊಂದು ತಪ್ಪಿದರೆ ಆ ಶಾಲನ್ನು ಹೊದೆಯುವ ಹಾಗಿಲ್ಲ.

ನೀಲಿ ದಾರದ ಕಥೆಗೆ ನಮ್ಮ ದೇಶವೂ ತಳಕು ಹಾಕಿಕೊಂಡಿದೆ. ಗ್ರಂಥ ಹೇಳುವ ತೆಖೇಲೆತ್ ಎಂಬ ನೀಲಿ ಬರುತ್ತಿದ್ದುದು ಮೆಡಿಟರೇನಿಯನ್ ಕಡಲಿನ ಒಂದು ಜೀವಿಯಿಂದ. ಕಾಲಾಂತರದಲ್ಲಿ ಆ ಬಣ್ಣ ತೆಗೆಯುವ ವಿದ್ಯೆಯೇ ಕಳೆದುಹೋಯಿತು. ಅಂದಿನಿಂದ ಬಹುಪಾಲು ಯೆಹೂದ್ಯರು ಗೊಂಡೆಯ ಅಷ್ಟೂ ದಾರವನ್ನು ಬಿಳಿಯಾಗಿಯೇ ಇಟ್ಟುಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಡುಕಾಟ ಮತ್ತೆ ಶುರುವಾಯಿತು. ಮುಂದೆ ಇಸ್ರೇಲಿನ ಮುಖ್ಯ ರಬ್ಬಿಯಾದ ಐಸಾಕ್ ಹೆರ್ಜೋಗ್ 1913ರಲ್ಲಿ ಇದರ ಮೇಲೆಯೇ ಪ್ರಬಂಧ ಬರೆದರು. ಮ್ಯೂರೆಕ್ಸ್ ಎಂಬ ಕಡಲ ಬಸವನಹುಳುವಿನ ಮೇಲೆ ಬಹಳ ಮಂದಿಗೆ ಅನುಮಾನವಿತ್ತು, ಆದರೆ ಅದರ ಬಣ್ಣ ನೇರಳೆಗೆ ತಿರುಗುತ್ತಿತ್ತು. 1980ರ ದಶಕದಲ್ಲಿ ರಸಾಯನ ವಿಜ್ಞಾನಿ ಓಟೊ ಎಲ್ಸ್‌ನರ್ ಬಣ್ಣದ ದ್ರಾವಣ ಬಿಸಿಲಿಗೆ ತೆರೆದುಕೊಂಡಾಗ ಅಪ್ಪಟ ನೀಲಿಯಾಗುವುದನ್ನು ಗಮನಿಸಿದರು. ಬಿಸಿಲಿಗೆ ಅದರೊಳಗಿನ ಬ್ರೋಮಿನ್ ಕಳಚಿ ಉಳಿಯುವುದು ನಮ್ಮ ನೀಲಿ ಗಿಡದ ಬಣ್ಣದ ಅದೇ ಅಣು!

ಅಣು ಒಂದೇ ಆದರೂ ಗಿಡದ ನೀಲಿ ಗೊಂಡೆಗೆ ಸಲ್ಲದು. ಯೆಹೂದ್ಯರ ತಾಲ್ಮೂದ್ ಗ್ರಂಥದಲ್ಲಿ ಗಿಡದ ನೀಲಿ ಹಾಕಿ ಅದನ್ನೇ ತೆಖೇಲೆತ್ ಎಂದು ಸಾರುವವರಿಗೆ ಕಟುವಾದ ಎಚ್ಚರಿಕೆಯಿದೆ. ಕಣ್ಣಿಗೆ ವ್ಯತ್ಯಾಸ ಕಾಣದು, ದೇವರಿಗೆ ಕಾಣುತ್ತದೆ ಎಂಬ ಧಾಟಿಯ ಮಾತು ಅದು. ಹೀಗಾಗಿ ನಮ್ಮ ನೀಲಿ ತೊಟ್ಟಿಯಲ್ಲಿ ಅದ್ದಿದ ನೂಲನ್ನು ಶಾಲಿನ ಪಟ್ಟೆಗೆ ಎಷ್ಟು ಬೇಕಾದರೂ ಬಳಸಬಹುದು, ಗೊಂಡೆಯ ನೀಲಿಯೆಂದು ಮಾತ್ರ ಕೊಡಬಾರದು. ನೈಸರ್ಗಿಕ ಬಣ್ಣದ ಕೆಲಸವನ್ನು ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆ 1996ರಿಂದ ನಡೆಸಿಕೊಂಡು ಬಂದಿದೆ. ಅಡಿಕೆ ಚೊಗರಿನ ಕಂದುಗೆಂಪು ಮಲೆನಾಡಿನದೇ ಬಣ್ಣ; ಬಿಳಿ ಶಾಲಿನ ತುದಿಯಲ್ಲಿ ನೀಲಿಯ ಪಕ್ಕದಲ್ಲಿ ಅದೊಂದು ಗೆರೆ ಬಂದರೆ ಆ ಶಾಲು ಕರ್ನಾಟಕದ್ದೆಂದು ಯಾರೂ ಹೇಳಬೇಕಿಲ್ಲ.

ಕಸೂತಿಯ ಬಗ್ಗೆ ನನಗೆ ಹೆಚ್ಚು ಆಸೆಯಿದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ ಬರುತ್ತದೆ, ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ. ತಲ್ಲೀತನ್ನು ತಲೆಯ ಮೇಲೆ ಎಳೆಯುತ್ತಾರೆ, ತುದಿಯನ್ನು ಎತ್ತಿ ಹೆಗಲ ಮೇಲೆ ಹಾಕುತ್ತಾರೆ, ಒಳಮೈ ಹೊರಗೆ ಕಾಣುತ್ತಲೇ ಇರುತ್ತದೆ. ಅಂಥ ಬಟ್ಟೆಗೆ ಗವಂತಿಯಷ್ಟು ಒಪ್ಪುವ ಹೊಲಿಗೆ ಇನ್ನೊಂದಿಲ್ಲ. ಆದರೆ ಚಿತ್ರಗಳನ್ನು ಆರಿಸುವಾಗ ಎಚ್ಚರ ಬೇಕು. ಕಸೂತಿಯ ಪ್ರಸಿದ್ಧ ಚಿತ್ರಗಳೆಂದರೆ ಗೋಪುರ, ತೇರು, ತುಳಸಿಕಟ್ಟೆ, ನಂದಿ. ಎಷ್ಟೇ ಚೆಂದವಿರಲಿ, ಅವು ನಮ್ಮ ಗುಡಿಯ ಗುರುತುಗಳು. ಇನ್ನೊಬ್ಬರ ಪ್ರಾರ್ಥನೆಯ ಮೇಲೆ ಅವನ್ನು ಹೊಲಿಯುವುದು ತಪ್ಪು. ಮನುಷ್ಯರ ಆಕೃತಿಯೂ ಬೇಡ. ರೇಖಾಗಣಿತದ ಬಳ್ಳಿಗಳು ಸಾಕಷ್ಟಿವೆ. ಯೆಹೂದ್ಯರ ಗ್ರಂಥ ಇಸ್ರೇಲ್ ನಾಡಿನ ಏಳು ಬೆಳೆಗಳನ್ನು ಹೊಗಳಿದೆ: ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ. ಇವುಗಳಲ್ಲಿ ದ್ರಾಕ್ಷಿ, ದಾಳಿಂಬೆಗೆ ವಿಜಯಪುರ ಬಾಗಲಕೋಟೆಯ ಕಡೆಯ ಕೈಗಳು ಒಗ್ಗಿವೆ. ತೋಟದಲ್ಲಿ ಕಂಡ ಹಣ್ಣನ್ನು ಹೊಲಿಯುವ ಕೈಗೆ ನಕಾಶೆ ಬೇಕಿಲ್ಲ. ಶಾಲನ್ನು ಮಡಿಸಿಡುವ ಚೀಲಕ್ಕೆ ಗುಳೇದಗುಡ್ಡದ ಖಣವನ್ನೇ ನಾನು ಆರಿಸುತ್ತೇನೆ; ಅದರ ಬಿಗಿ ನೇಯ್ಗೆ ಎಷ್ಟು ತೆರೆದು ಮುಚ್ಚಿದರೂ ಸವೆಯದು.

ಕೆಲಸದ ಸರದಿಯೂ ಮುಖ್ಯ. ಬಟ್ಟೆ ಪೂರ್ತಿ ಸಿದ್ಧವಾದ ಮೇಲೆ, ಅಂಚು ಮಡಿಸಿ ಹೊಲಿದು, ಮೂಲೆಯ ತೇಪೆ ಕೂರಿಸಿ, ಕಸೂತಿ ಮುಗಿಸಿದ ಮೇಲೆಯೇ ಗೊಂಡೆ ಕಟ್ಟಬೇಕು. ಮೊದಲೇ ಕಟ್ಟಿಟ್ಟ ಗೊಂಡೆಯನ್ನು ಆಮೇಲೆ ಬಟ್ಟೆಗೆ ಹೊಲಿದು ಸೇರಿಸಿದರೆ ಅದು ಸಲ್ಲುವುದಿಲ್ಲ. ಒಗೆದು, ಬಣ್ಣ ಬಿಡುತ್ತದೆಯೇ ಎಂದು ನೋಡಿ, ಇಸ್ತ್ರಿ ಮಾಡಿ ಕೊಡುವವರೆಗೆ ನಮ್ಮ ಕೆಲಸ. ಆಮೇಲಿನದು ಆ ಮನೆಯವರದು. 13 ತುಂಬಿದ ಹುಡುಗ ತನ್ನ ಮೊದಲ ಶಾಲಿನ ಗೊಂಡೆಯನ್ನು ಅಜ್ಜನ ಪಕ್ಕದಲ್ಲಿ ಕೂತು ತಾನೇ ಕಟ್ಟುವುದುಂಟು. ಉದಾರವಾದಿ ಪಂಥಗಳಲ್ಲಿ ಹುಡುಗಿಯರೂ ಹೊದೆಯುತ್ತಾರೆ, ಕಟ್ಟುತ್ತಾರೆ. ಎಷ್ಟು ದುಡ್ಡು ಕೊಟ್ಟು ಮಾಡಿಸಿದ ಅಲಂಕಾರವೂ ಆ 39 ಸುತ್ತಿನ ಪಕ್ಕದಲ್ಲಿ ಎರಡನೆಯದೇ. ಗೊಂಡೆಯ ದಾರ ಕಿತ್ತುಬಂದರೆ ಬಿಚ್ಚಿ ಹೊಸತು ಕಟ್ಟಬಹುದು, ಶಾಲನ್ನು ಬಿಸಾಡಬೇಕಿಲ್ಲ. ಮೂಲೆಯ ಬಟ್ಟೆಯೇ ಹರಿದರೆ ಕಷ್ಟ. ಅದಕ್ಕೇ ನೇಯಿಸುವಾಗ ಅದೇ ಹಾಸಿನಲ್ಲಿ ಅರ್ಧ ಗಜ ಹೆಚ್ಚು ನೇಯಿಸಿ, ತೇಪೆಗೆಂದು ಎತ್ತಿಡಿ.

ಶಾಲಿನ ಗಿಡ್ಡ ಅಂಚುಗಳಲ್ಲಿ ಸೆರಗಿನಂತೆಯೇ ಸಾಲು ಕುಚ್ಚು ಇರುವುದುಂಟು. ಅದು ಬರೀ ಚೆಂದಕ್ಕೆ. ಯಾರು ಬೇಕಾದರೂ, ಹೇಗೆ ಬೇಕಾದರೂ ಕಟ್ಟಬಹುದು. ನಮ್ಮ ಬೀದಿಯಲ್ಲಿ ಕುಚ್ಚು ಹಾಕುವ ಹೆಣ್ಣುಮಗಳೊಬ್ಬಳಿಗೆ ಚಿತ್ರ ತೋರಿಸಿ ಇದನ್ನೆಲ್ಲ ವಿವರಿಸಿದೆ. ಮೂಲೆಯ ಗೊಂಡೆಯನ್ನು ಬಹಳ ಹೊತ್ತು ನೋಡಿದಳು, ಬೆರಳಿನಲ್ಲೇ ಸುತ್ತು ಎಣಿಸಿದಳು. “ಇದನ್ನ ನಾನು ಕಟ್ಟೋ ಹಾಗಿಲ್ಲ ಅಲ್ವಾ ಅಕ್ಕ?” ಎಂದಳು. ಇಲ್ಲ, ಅದು ಅವರೇ ಕಟ್ಟಿಕೊಳ್ಳಬೇಕು ಎಂದೆ. “ಸರಿ, ಹಂಗಾದ್ರೆ ನನ್ನ ಕುಚ್ಚು ಮೂಲೆಯಿಂದ ಎಷ್ಟು ಬಿಟ್ಟು ಶುರು ಮಾಡ್ಲಿ? ಅದಕ್ಕೂ ಇದಕ್ಕೂ ಸಿಕ್ಕು ಬೀಳಬಾರದಲ್ಲ.” ಇಷ್ಟು ಒಳ್ಳೆಯ ಪ್ರಶ್ನೆಯನ್ನು ಈ ವಿಷಯದಲ್ಲಿ ನನಗೆ ಬೇರೆ ಯಾರೂ ಕೇಳಿರಲಿಲ್ಲ. ತೂತಿಗೆ ಮೂರು ಬೆರಳು, ಗೊಂಡೆ ಬಿಡಿಯಾಗಿ ಆಡಲು ಇನ್ನೆರಡು ಬೆರಳು, ಒಟ್ಟು ಐದು ಬೆರಳು ಬಿಟ್ಟು ಶುರು ಮಾಡಮ್ಮ ಎಂದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು ಗುರುತು ಮಾಡಿಕೊಂಡಳು.